ನಡೆದದ್ದು 14 ದಿನ, ಕಾದದ್ದು ಒಂದು ವರ್ಷ

ಕಾಯುವುದನ್ನು ನಮ್ಮ ವಯಸ್ಸಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಧಿಸೂಚನೆಗೆ ಕಾಯುತ್ತೇವೆ, ಹಾಲ್ ಟಿಕೆಟ್‌ಗೆ ಕಾಯುತ್ತೇವೆ. ಆಮೇಲೆ ಕೀ ಉತ್ತರ, ತಾತ್ಕಾಲಿಕ ಪಟ್ಟಿ, ಅದಕ್ಕೆ ಆಕ್ಷೇಪಣೆ, ಕೊನೆಗೆ ಅಂತಿಮ ಪಟ್ಟಿ. ಮೊಬೈಲ್ ಒಮ್ಮೆ ಸದ್ದು ಮಾಡಿದರೆ ಸಾಕು, ಎದೆ ಝಲ್ಲೆನ್ನುತ್ತದೆ. ಈ ಕಾಯುವಿಕೆಯಲ್ಲಿ ದಿನಗಳು ಸವೆಯುತ್ತವೆಯೇ ಹೊರತು ರುಚಿ ಎಂಬುದಿರುವುದಿಲ್ಲ.

ಆದರೆ ಕಾಯುವುದಕ್ಕೂ ಒಂದು ರುಚಿ ಇದೆ ಎಂದು ಈಚೆಗೆ ನನಗೆ ಗೊತ್ತಾಗುತ್ತಿದೆ. ಬರುವ ಭಾನುವಾರ ಸಂಜೆ ನಮ್ಮೂರಿನ ಸಮುದಾಯ ಭವನದಲ್ಲಿ ಶ್ರೀಶೈಲ ಪಾದಯಾತ್ರೆಯ ಬಗೆಗಿನ ಒಂದು ಸಾಕ್ಷ್ಯಚಿತ್ರ ತೋರಿಸುತ್ತಾರೆ. ಅದರಲ್ಲಿ ನಾನೂ ಇದ್ದೇನೆ. ಎರಡು ನಿಮಿಷ ಇದ್ದೇನೋ, ಗುಂಪಿನಲ್ಲಿ ಬೆನ್ನು ಮಾತ್ರ ಕಾಣುತ್ತದೋ, ಭಾನುವಾರವೇ ತಿಳಿಯಬೇಕು.

ಉತ್ತರ ಕರ್ನಾಟಕದವರಿಗೆ ಈ ಯಾತ್ರೆಯನ್ನು ಪರಿಚಯಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಯುಗಾದಿ ಹತ್ತಿರ ಬಂದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹಳ್ಳಿಗಳಿಂದ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ಆಂಧ್ರದ ಶ್ರೀಶೈಲಕ್ಕೆ ನಡೆಯುತ್ತಾರೆ. ನಮ್ಮೂರಿಂದ ಸುಮಾರು 400 ಕಿಲೋಮೀಟರ್. ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು ದಾಟಿ ಆತ್ಮಕೂರು ಮುಟ್ಟಿದ ಮೇಲೆ ನಲ್ಲಮಲ ಕಾಡು ಶುರು. ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು ಎಂಬ ತಾಣಗಳನ್ನು ದಾಟಿ, ಕಲ್ಲಿನ ಮೆಟ್ಟಿಲು ಹತ್ತಿ ಕೈಲಾಸದ್ವಾರ ಸೇರಬೇಕು. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಬಿಸಿಲು ನೆತ್ತಿ ಸುಡುವ ಕಾಲ ಅದು. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಊಟ ಇಟ್ಟುಕೊಂಡು ಕೈಹಿಡಿದು ಕರೆಯುತ್ತಾರೆ. ಗುರುತಿಲ್ಲದವರು ಕೂತು ನಮ್ಮ ಕಾಲು ಒತ್ತುತ್ತಾರೆ. ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು. ಮಗಳ ಮನೆಗೆ ಬರಿಗೈಲಿ ಹೋಗುವುದುಂಟೇ? ಅದಕ್ಕೇ ಸೀರೆ, ಖಣ, ಕುಂಕುಮ ಒಯ್ಯುತ್ತಾರೆ.

ನಡೆದು ಹೋಗಿ ಆಕೆಯ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತವಳು ನನ್ನ ಅವ್ವ. ಅವ್ವ ಜೋಳದ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ದಿನವಿಡೀ ಒಲೆ ಮುಂದೆ ಕೂತು ಕೂತು ಮೊಣಕಾಲು ಹಿಡಿದುಬಿಟ್ಟಿವೆ. ಬಸ್ ಹತ್ತುವುದೇ ಕಷ್ಟ, ಇನ್ನು 400 ಕಿಲೋಮೀಟರ್ ನಡೆಯುವುದೆಲ್ಲಿ? ಕಳೆದ ವರ್ಷ ಗುಳೇದಗುಡ್ಡದ ಒಂದು ಖಣವನ್ನು ನನ್ನ ಚೀಲದಲ್ಲಿಟ್ಟು, ‘ನೀ ನಡದ್ರ ನಾ ನಡದಂಗ ಆತು, ಹೋಗಿ ಬಾ ಯಪ್ಪಾ’ ಅಂದಳು. ಡಿಗ್ರಿ ಮುಗಿಸಿ ಪರೀಕ್ಷೆಗಳಿಗೆ ಓದುತ್ತ ಕೂತಿದ್ದೆ. ಹೊರಟೆ.

ನಮ್ಮ ಗುಂಪಿನ ಜೊತೆ ಮೂರನೆಯ ದಿನದಿಂದ ಚಿತ್ರತಂಡ ಸೇರಿಕೊಂಡಿತು. ತಂಡ ಎಂದರೆ ಮೂರೇ ಜನ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಟವೆಲ್ ಅಂಚಿಗೆ ಕಡಲೆಕಾಯಿಯಷ್ಟು ಚಿಕ್ಕ ಮೈಕು ಸಿಕ್ಕಿಸಿದರು. ಮೊದಲ ದಿನ ಕ್ಯಾಮೆರಾ ಕಂಡರೆ ಕೂದಲು ಸರಿ ಮಾಡಿಕೊಳ್ಳುತ್ತಿದ್ದೆವು. ಅಂಗಾಲಿನಲ್ಲಿ ಬೊಬ್ಬೆ ಎದ್ದ ಮೇಲೆ ಕ್ಯಾಮೆರಾ, ಮೈಕು ಎರಡೂ ಮರೆತುಹೋದವು. ಅವರಿಗೂ ಅದೇ ಬೇಕಿತ್ತಂತೆ.

ಪೆಚ್ಚೆರುವಿನಲ್ಲಿ ಒಂದು ರಾತ್ರಿ ಮರದ ಕೆಳಗೆ ಮಲಗಿದ್ದಾಗ ಅವರಲ್ಲೊಬ್ಬರು ಮೆಲ್ಲಗೆ ಕೇಳಿದರು: ‘ನೀವ್ಯಾಕೆ ನಡೀತಾ ಇದ್ದೀರಿ?’ ಹರಕೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಕತ್ತಲಲ್ಲಿ, ದಣಿದ ಮೈಯಲ್ಲಿ, ಮಾತು ತಾನಾಗಿಯೇ ಬಂತು. ನನ್ನ ಕೋಚಿಂಗ್ ಫೀ ಅಷ್ಟೂ ರೊಟ್ಟಿಯ ದುಡ್ಡು ಎಂದೆ. ಅವ್ವನ ಬೆರಳ ತುದಿಗಳು ಹಂಚಿನ ಮೇಲೆ ಸುಟ್ಟು ಸುಟ್ಟು ಗಟ್ಟಿಯಾಗಿವೆ, ಬಿಸಿ ಈಗ ಆಕೆಗೆ ತಾಕುವುದೇ ಇಲ್ಲ ಎಂದೆ. ಇನ್ನೂ ಏನೇನೋ. ನಮ್ಮ ಮನೆಗಳಲ್ಲಿ ಇಂಥದ್ದನ್ನೆಲ್ಲ ಅವ್ವನ ಎದುರು ಹೇಳುವ ರೂಢಿಯಿಲ್ಲ. ‘ಉಂಡಿ?’ ‘ಉಂಡ್ನಿ’ ಅಷ್ಟರಲ್ಲೇ ಎಲ್ಲ ಬಂದುಬಿಡಬೇಕು.

ಆ ಮಾತು ಚಿತ್ರದಲ್ಲಿ ಉಳಿದಿದೆಯೋ ಇಲ್ಲವೋ! ದಿನಗಟ್ಟಲೆ ಚಿತ್ರೀಕರಿಸಿದ್ದನ್ನು ಸಂಕಲನದಲ್ಲಿ ಒಂದು ಗಂಟೆಗೆ ಇಳಿಸುತ್ತಾರೆ. ಉಳಿದಿದ್ದರೆ, ನಾನು ಎಂದೂ ಹೇಳದ್ದನ್ನು ಅವ್ವ ಊರ ಜನರ ನಡುವೆ ಕೂತು ಕೇಳುತ್ತಾಳೆ. ಇರಲಿ ಅನ್ನಿಸುತ್ತದೆ. ಮರುಗಳಿಗೆ, ಇಲ್ಲದಿದ್ದರೇ ಚೆನ್ನ ಅನ್ನಿಸುತ್ತದೆ.

ಹೋದ ವಾರ ತಂಡದವರು ಫೋನ್ ಮಾಡಿ, ‘ಬೇಕಾದರೆ ಲಿಂಕ್ ಕಳಿಸ್ತೀವಿ, ಮೊದಲೇ ನೋಡಿಬಿಡಿ’ ಅಂದರು. ಬೇಡವೆಂದೆ. ಗೆಳೆಯರು ತಲೆ ಚಚ್ಚಿಕೊಂಡರು. ‘ಹುಚ್ಚ ಅದಿಯೇನಲೇ? ನಾವಾಗಿದ್ರ ರಾತ್ರಿನ ನೋಡಿ ಸ್ಟೇಟಸ್ ಹಾಕ್ತಿದ್ವಿ!’ ಅವರ ಮಾತೂ ಸರಿಯೇ. ಊಟದ ತಟ್ಟೆಯ ಫೋಟೊವನ್ನು ಊಟಕ್ಕೆ ಮೊದಲೇ ಹಾಕುವ ಕಾಲ ಇದು. ಆದರೆ ಲಿಂಕ್ ಒತ್ತಿದರೆ ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಒತ್ತದಿದ್ದರೆ ಭಾನುವಾರದವರೆಗಿನ ಪ್ರತಿ ದಿನವೂ ನನ್ನದು. ರಾತ್ರಿ ಓದು ಮುಗಿಸಿ ಮಲಗಿದಾಗ ಆ ಕಾಡಿನ ದಾರಿಯನ್ನು ಮತ್ತೆ ನಡೆಯುತ್ತೇನೆ. ಎಲ್ಲಿ ನೀರು ಕುಡಿದೆ, ಯಾವ ತಿರುವಿನಲ್ಲಿ ಕ್ಯಾಮೆರಾ ನಿಂತಿತ್ತು ಎಂದು ನೆನೆಯುತ್ತೇನೆ. ಮರೆತುಹೋಗಿದ್ದ ಮುಖಗಳು ಒಂದೊಂದಾಗಿ ಬರುತ್ತವೆ.

ಇದಕ್ಕೂ ಒಂದು ಅಧ್ಯಯನವಿದೆ. 1987ರಲ್ಲಿ ಜಾರ್ಜ್ ಲೊವೆನ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞ ಪ್ರಕಟಿಸಿದ್ದು. ಮೆಚ್ಚಿನ ಸಿನಿಮಾ ತಾರೆಯ ಒಂದು ಮುತ್ತಿಗೆ ಎಷ್ಟು ಹಣ ಕೊಡುತ್ತೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿದ್ದರು. ಈಗಲೇ ಸಿಕ್ಕರೆ ಎಷ್ಟು, 3 ದಿನ ಬಿಟ್ಟು ಸಿಕ್ಕರೆ ಎಷ್ಟು, 10 ವರ್ಷ ಬಿಟ್ಟರೆ ಎಷ್ಟು ಎಂಬ ಲೆಕ್ಕ. ಹೆಚ್ಚು ಬೆಲೆ ಬಂದದ್ದು ಈಗಲೇ ಸಿಗುವ ಮುತ್ತಿಗಲ್ಲ, 3 ದಿನ ಬಿಟ್ಟು ಸಿಗುವ ಮುತ್ತಿಗೆ! ನಡುವಿನ ಆ 3 ದಿನದ ಸುಖಕ್ಕೂ ಜನ ಹಣ ಕೊಡಲು ಸಿದ್ಧರಿದ್ದರು. ಅದೇ ಒಂದು ವಿದ್ಯುತ್ ಶಾಕ್ ತಪ್ಪಿಸಿಕೊಳ್ಳಲು ಎಷ್ಟು ಕೊಡುತ್ತೀರಿ ಎಂದಾಗ, ಶಾಕ್ ದೂರ ಹೋದಷ್ಟೂ ಹೆಚ್ಚು ಕೊಡುತ್ತೇವೆ ಅಂದರು. ಕೆಟ್ಟದ್ದಕ್ಕೆ ಕಾಯುವುದೂ ಒಂದು ಶಿಕ್ಷೆ. ಪರೀಕ್ಷೆಯ ಪಟ್ಟಿಗೆ ಕಾಯುವಾಗ ಮುತ್ತು ಬರುತ್ತದೋ ಶಾಕ್ ಬರುತ್ತದೋ ತಿಳಿಯದು. ನಾವು ಅಷ್ಟು ಬಳಲುವುದು ಅದಕ್ಕೇ ಇರಬೇಕು.

ಪರದೆಯ ಮೇಲಿನ ನಾನು ನನಗೆ ಹಿಡಿಸದೆಯೂ ಹೋಗಬಹುದು. ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಯ ಎಲುಬಿನ ಮೂಲಕವೂ ಕೇಳಿಸುತ್ತದೆ. ಹಾಗಾಗಿ ರೆಕಾರ್ಡ್ ಆದ ದನಿ ಯಾರದೋ ತೆಳು ದನಿಯಂತೆ ಕೇಳುತ್ತದೆ. ಮುಖವೂ ಅಷ್ಟೆ. ದಿನಾ ಕಾಣುವುದು ಕನ್ನಡಿಯಲ್ಲಿ ಎಡಬಲ ತಿರುಗಿದ ಮುಖ, ಕ್ಯಾಮೆರಾ ತೋರಿಸುವುದು ಊರವರು ಕಾಣುವ ಮುಖ. ಇರಲಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವರ್ಷವೇ ಹೋದಂತಾಗುತ್ತದೆ. ಚಿತ್ರದಲ್ಲಿ ಮುಖವಿಲ್ಲದಿದ್ದರೆ ಏನು ಹೋದೀತು? ನಡೆದದ್ದು ನಡೆದಾಗಿದೆ. ಅವ್ವನ ಖಣ ತಲುಪಬೇಕಾದಲ್ಲಿ ತಲುಪಿದೆ.

ಹತ್ತನೆಯ ದಿನ ಬಿಸಿಲಿಗೆ ಸೋತು ಗುಂಪಿನ ಹಿರಿಯರೊಬ್ಬರನ್ನು ಕೇಳಿದ್ದೆ, ‘ಇನ್ನ ಎಷ್ಟ ದೂರ ಐತ್ರಿ ಕಾಕಾ?’ ಅವರು ನಗುತ್ತ, ‘ಎಷ್ಟರ ಇರಲಿ ಬಿಡೋ ತಮ್ಮಾ. ಮುಟ್ಟಿದ ಮ್ಯಾಲೆ ಮುಗೀತಲ್ಲ!’ ಅಂದಿದ್ದರು. ಆಗ ಸಿಟ್ಟು ಬಂದಿತ್ತು. ಗುಡಿಯಲ್ಲಿ ತಾಸುಗಟ್ಟಲೆ ಸಾಲಿನಲ್ಲಿ ನಿಂತು, ಕೆಲವೇ ಕ್ಷಣ ದರ್ಶನ ಮಾಡಿ ಹೊರಬಂದಾಗ ಅವರ ಮಾತು ಅರ್ಥವಾಯಿತು. ಆ ಕ್ಷಣಗಳನ್ನು ಅಷ್ಟು ದೊಡ್ಡದು ಮಾಡಿದ್ದು ಹಿಂದಿನ 14 ದಿನಗಳು.

ಗೆಳೆಯರೇ, ಎಲ್ಲ ಕಾಯುವಿಕೆಯೂ ಸಿಹಿ ಎಂದು ನಾನು ಹೇಳಲಾರೆ. ಪಟ್ಟಿಗೆ ಕಾಯುವುದು ನನಗಿನ್ನೂ ಕಹಿಯೇ. ಆದರೆ ಸಿಹಿಯಾದದ್ದು ಏನಾದರೂ ಮುಂದಿದ್ದರೆ ಅದನ್ನು ಗಬಕ್ಕನೆ ನುಂಗಬೇಡಿ. ನಮ್ಮ ಪಾಲಿಗೆ ಅಂಥವು ಬರುವುದೇ ಕಡಿಮೆ.

ಗುಡಿಯೊಳಗೆ ಕ್ಯಾಮೆರಾ ಬಿಡುವುದಿಲ್ಲವಾದ್ದರಿಂದ ಅವ್ವನಿಗೆ ಭಾನುವಾರ ದೇವರು ಕಾಣುವುದಿಲ್ಲ, ದಾರಿ ಕಾಣುತ್ತದೆ. ಅದನ್ನು ಹೇಳಿದಾಗ, ‘ದಾರಿನ ನೋಡಬೇಕಾಗೇತಿ ನನಗ’ ಅಂದಳು. ಶನಿವಾರದ ರೊಟ್ಟಿಗೇ ಭಾನುವಾರದ್ದನ್ನೂ ಸೇರಿಸಿ ಮಾಡಿಕೊಡುತ್ತೇನೆ ಎಂದು ಖಾನಾವಳಿಯವರಿಗೆ ಈಗಾಗಲೇ ಹೇಳಿಟ್ಟಿದ್ದಾಳೆ.