ವಿದ್ಯಾರ್ಥಿವೇತನ: ಮಗಳ ಹೆಸರು ಎಲ್ಲ ದಾಖಲೆಯಲ್ಲೂ ಒಂದೇ ಇರಲಿ

ಹಾಲು ಉತ್ಪಾದಕ ಸಹೋದರಿಯರೇ,

ಹಸುವಿನ ಕಿವಿಯೋಲೆಯ 12 ಅಂಕಿಗಳಲ್ಲಿ ಒಂದು ತಪ್ಪಾದರೂ ವಿಮೆ ಹಣಕ್ಕೆ ತೊಡಕು. ಮಕ್ಕಳ ವಿದ್ಯಾರ್ಥಿವೇತನವೂ ಹಾಗೆಯೇ. ಅಂಕಪಟ್ಟಿಯಲ್ಲಿ ‘ಪವಿತ್ರಾ ಕೆ.’, ಆಧಾರ್‌ನಲ್ಲಿ ಬರೀ ‘ಪವಿತ್ರ’ ಎಂದಿದ್ದರೆ ಎಸ್‌ಎಸ್‌ಪಿ ಅರ್ಜಿ ಅಲ್ಲಿಗೇ ನಿಲ್ಲಬಹುದು.

ಅರ್ಜಿ ಹಾಕುವ ಮೊದಲು ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪು ಎಲ್ಲಿದೆಯೋ ಅಲ್ಲೇ ಸರಿಪಡಿಸಿ: ಆಧಾರ್‌ಗೆ ಆಧಾರ್ ಸೇವಾ ಕೇಂದ್ರ, ಜಾತಿ-ಆದಾಯಕ್ಕೆ ನಾಡಕಚೇರಿ, ಶಾಲಾ ದಾಖಲೆಗೆ ಮುಖ್ಯ ಶಿಕ್ಷಕರು.

ಆಧಾರ್‌ನಲ್ಲಿ ಹೆಸರನ್ನು 2 ಬಾರಿ, ಜನ್ಮದಿನಾಂಕವನ್ನು 1 ಬಾರಿ ಮಾತ್ರ ಬದಲಿಸಬಹುದು. ಹಾಗಾಗಿ ಅಂಕಪಟ್ಟಿ ನೋಡಿಕೊಂಡೇ ಬರೆಸಿ. ಹಣ ಬರುವುದು ವಿದ್ಯಾರ್ಥಿಯ ಆಧಾರ್ ಜೋಡಣೆಯಾದ ಖಾತೆಗೆ, ನಿಮ್ಮ ಹಾಲಿನ ಬಟವಾಡೆ ಖಾತೆಗಲ್ಲ. ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.

ಒಂದು ಅಕ್ಷರದ ತಪ್ಪಿಗೆ, ಕಾಲೇಜು ಶುಲ್ಕಕ್ಕೆಂದು ಕರೆಯುವ ಹಸು ಮಾರುವಂತಾಗದಿರಲಿ.

– ಪಶುವೈದ್ಯಾಧಿಕಾರಿ