ಅಡಿಗಲ್ಲಿಗಿಂತ ಮೊದಲು ಹುಟ್ಟಿದ ಸಭೆ

ಒಂದು ಚರ್ಚಿನ ಇತಿಹಾಸವೇನೆಂದು ವಿಚಾರಿಸಿದರೆ ಸಾಮಾನ್ಯವಾಗಿ ಎರಡು ಸಂಗತಿಗಳು ಸಿಗುತ್ತವೆ: ಅಡಿಗಲ್ಲಿನ ಮೇಲೆ ಕೆತ್ತಿದ ಇಸವಿ, ಮೊದಲು ಬಂದ ಮಿಷನರಿಯ ಹೆಸರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕ್ರೈಸ್ತ ಸಭೆಗಳನ್ನು ಅರಿಯಲು ಇವೆರಡೇ ಸಾಲುವುದಿಲ್ಲ. 2011ರ ಜನಗಣತಿಯಂತೆ ಸುಮಾರು 13.9 ಲಕ್ಷ ಜನರಿರುವ ಕೊಪ್ಪಳ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಇಷ್ಟು ಸಣ್ಣ ಸಮುದಾಯದ ಚರಿತ್ರೆಯನ್ನು ಬರೆಯುವ ಗೋಜಿಗೆ ಹೆಚ್ಚಿನವರು ಹೋಗಿಲ್ಲ. ಬರೆದರೂ ಅದು ವಿದೇಶಿ ಪಾದ್ರಿಗಳ ಪ್ರವಾಸಕಥೆಯಾಗಿ ಮುಗಿಯುತ್ತದೆ. ಆದರೆ ಸಿಗುವ ಆಧಾರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಈ ಸಭೆಗಳು ಬೆಳೆದದ್ದು ಈ ನೆಲದ ಗಡಿ, ಬರ, ರೈಲು, ಕಾಲುವೆ ಮತ್ತು ಕನ್ನಡ ಭಾಷೆಯ ಆಸರೆಯಲ್ಲಿ. ಹಾಗಾಗಿ ಅವುಗಳ ಚರಿತ್ರೆ ಈ ಜಿಲ್ಲೆಯ ಚರಿತ್ರೆಯದೇ ಒಂದು ಅಧ್ಯಾಯ.

ಮೊದಲು ನಕಾಶೆಯನ್ನು ನೋಡೋಣ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ ಅತಿ ಹಳೆಯ ಕ್ರೈಸ್ತ ನೆಲೆ ಮುದಗಲ್ಲು. ಇಂದು ಅದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿದೆ. ಕುಷ್ಟಗಿ ತಾಲೂಕಿಗೆ ನೆರೆಯ ಸೀಮೆ. ಅಲ್ಲಿಯ ಕಥೋಲಿಕ ಚರ್ಚನ್ನು ಜೆಸ್ಯೂಟರು 1557ಕ್ಕೂ ಮೊದಲೇ ಕಟ್ಟಿದ್ದರೆಂಬುದು ಗೆಜೆಟಿಯರುಗಳ ಮಾತು. ಪೋರ್ಚುಗೀಸರಿಗಂತೂ ಈ ಸೀಮೆ ಆ ಹೊತ್ತಿಗೆ ಹೊಸದಾಗಿರಲಿಲ್ಲ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪಡೆಯ ಜೊತೆ ಪೋರ್ಚುಗೀಸ್ ಬಂದೂಕುಧಾರಿಗಳು ಹೋರಾಡಿದ್ದರು. ಮುಂದೆ ಇಲ್ಲಿ ವಿಜಯನಗರ ಹೋಯಿತು, ಆದಿಲಶಾಹಿ ಹೋಯಿತು, ಮೊಗಲರು ಮತ್ತು ನಿಜಾಮರು ಬಂದುಹೋದರು. ಮೊಹರಮ್ಮಿಗೆ ಹೆಸರಾದ ಮುದಗಲ್ಲಿನಲ್ಲಿ ಕ್ರೈಸ್ತ ಕುಟುಂಬಗಳೂ ಉಳಿದುಕೊಂಡವು. ರಾಜ್ಯಗಳು ಬದಲಾದರೂ ಒಂದು ಸಭೆ ಬಾಳುತ್ತದೆಂದರೆ ಅದರ ಬೇರು ಯಾವ ಅರಮನೆಯ ಅಂಗಳದಲ್ಲೂ ಇಲ್ಲ, ಊರಿನವರ ಮನೆಗಳಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ದೊಡ್ಡ ಮಿಷನ್ ಠಾಣೆಗಳು ಈ ನಾಲ್ಕು ತಾಲೂಕುಗಳ ಸುತ್ತ ಎದ್ದವು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗ ಬಳಿಯ ಬೆಟಗೇರಿಗೆ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಕಾಲಿಟ್ಟಿತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಗದಗ ಮತ್ತು ಗುಳೇದಗುಡ್ಡ ಮುಂಬಯಿ ಪ್ರಾಂತ್ಯದಲ್ಲಿದ್ದವು. ನಡುವಿನ ನಮ್ಮ ಸೀಮೆ ನಿಜಾಮರದು. ಅದರಲ್ಲೂ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಆಡಳಿತಕ್ಕೆ ಅಡ್ಡವಾಗಿದ್ದ ಈ ಗೆರೆ ಸಂತೆಗೆ, ಸಂಬಂಧಕ್ಕೆ, ಕೂಲಿಗೆ ಅಡ್ಡ ಬರಲಿಲ್ಲ. 1880ರ ದಶಕದಲ್ಲಿ ಗುಂತಕಲ್ಲು, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ಪೋಣಿಸುವ ರೈಲುಹಾದಿ ತಯಾರಾಗತೊಡಗಿತು. ಹತ್ತಿಯ ಕೆಲಸಕ್ಕೆ, ಶಾಲೆಗೆ, ಮುಂದೆ ಬೆಟಗೇರಿಯ ಮಿಷನ್ ದವಾಖಾನೆಗೆ ಗಡಿ ದಾಟುವುದು ಸುಲಭವಾಯಿತು. ಮಿಷನರಿ ಹಳ್ಳಿಗೆ ಬರುವ ಮೊದಲೇ ಹಳ್ಳಿಯವರು ಮಿಷನ್ನಿನ ಊರನ್ನು ಕಂಡು ಬರಬಹುದಾದ ಕಾಲ ಅದು.

ಅವರು ಅಲ್ಲಿ ಕೇಳಿದ್ದು ಯಾವ ಭಾಷೆಯನ್ನು ಎಂಬುದೂ ಮುಖ್ಯ. ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಶ್ರಮದಿಂದ 1831ರ ಸುಮಾರಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಈ ಕೆಲಸ ವಿದೇಶಿಯರೊಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಹೆಸರು ಉಳಿಯದ ಮುನ್ಷಿಗಳ ಕನ್ನಡ ಅದರ ಹಿಂದಿದೆ. ಸಭೆ, ಸಭಾಪಾಲಕ, ಸುವಾರ್ತೆ, ದೀಕ್ಷಾಸ್ನಾನ ಎಂಬ ಮಾತುಗಳನ್ನೇ ನೋಡಿ. ನಾಡಿನ ಧಾರ್ಮಿಕ ಬದುಕಿನಲ್ಲಿ ಹಿಂದೆಯೇ ಬಳಕೆಯಲ್ಲಿದ್ದ ದೀಕ್ಷೆ, ಸ್ನಾನ, ವಾರ್ತೆಗಳೇ ಇಲ್ಲಿ ಹೊಸ ಅರ್ಥ ಹೊತ್ತು ನಿಂತಿವೆ. ಇಂದು ಊರಿನ ಬಾಡಿಗೆ ಕೋಣೆಯಲ್ಲೋ ತಗಡಿನ ಚಪ್ಪರದಡಿಯಲ್ಲೋ ಸೇರುವ ಹೊಸ ಪ್ರಾರ್ಥನಾ ಗುಂಪುಗಳಿಗೆ ಹಳೆಯ ಮಿಷನ್ನುಗಳೊಡನೆ ಆಡಳಿತದ ನಂಟಿರಲಿಕ್ಕಿಲ್ಲ. ಆದರೂ ಅವರು ಪ್ರಾರ್ಥಿಸುವುದು ಆ ಅನುವಾದದ ಪರಂಪರೆ ರೂಢಿಸಿದ ಕನ್ನಡದಲ್ಲೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಜನ ಸೇರಿದ್ದು ನಂಬಿಕೆಯಿಂದಲ್ಲ, ಹಸಿವಿನಿಂದ. 1876-78ರ ಘೋರ ಬರದಲ್ಲಿ ಅನ್ನ ಕೊಟ್ಟವರ ಧರ್ಮ ಹಿಡಿದರು ಎಂಬ ಮಾತದು. ಆ ಬರ ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳನ್ನು ಹಿಂಡಿದ್ದು ನಿಜ. ಅನಾಥ ಮಕ್ಕಳು ಮಿಷನ್ನುಗಳ ಆಶ್ರಯಕ್ಕೆ ಬಂದದ್ದೂ ನಿಜ. ಆದರೆ ಹಸಿವು ಒಬ್ಬರನ್ನು ಬಾಗಿಲವರೆಗೆ ತಂದಿತು ಎನ್ನಬಹುದೇ ಹೊರತು ಮೂರು ತಲೆಮಾರು ಅಲ್ಲೇ ಇರಿಸಿತು ಎನ್ನಲಾಗದು. ಲಾಭದ ಲೆಕ್ಕವನ್ನೇ ಹಾಕುವುದಾದರೆ ಪೂರ್ತಿ ಹಾಕಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶ ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಸಭೆಗೆ ಸೇರಿದರೆ ಮೀಸಲಾತಿ ತಪ್ಪುತ್ತದೆಂದು ತಿಳಿದೂ ಅಲ್ಲೇ ನಿಂತವರನ್ನು ಆಮಿಷಕ್ಕೆ ಬಿದ್ದವರೆಂದು ಹೇಗೆ ಕರೆಯುವುದು? ಓದು ಕಲಿಯುವ ಅವಕಾಶ, ಒಂದೇ ಸಾಲಿನಲ್ಲಿ ಕುಳಿತು ಒಂದೇ ರೊಟ್ಟಿ ಹಂಚಿಕೊಳ್ಳುವ ಗೌರವ ಅವರಿಗೆ ದೊಡ್ಡದಾಗಿತ್ತು. ಆ ಸಾಲಿನೊಳಗೂ ಜಾತಿ ನುಸುಳಿತು, ಮಿಷನರಿಗಳು ನಾಡಿನ ನಂಬಿಕೆಗಳನ್ನು ಹಗುರವಾಗಿ ಕಂಡರು ಎಂಬುದನ್ನೂ ಈ ಚರಿತ್ರೆ ಮುಚ್ಚಿಡಬಾರದು.

ಎರಡನೆಯ ಆಕ್ಷೇಪ ಇದು ಪರದೇಶದ ಧರ್ಮ ಎಂಬುದು. ಅದನ್ನು ಕಾಲವೇ ಪರೀಕ್ಷಿಸಿದೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಮುಂದೆ ದೇಶದಿಂದ ಕಳಿಸಿತು. ಸಭೆಗಳು ಚದುರಲಿಲ್ಲ, ದೇಶೀ ಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು ಇದ್ದರು. ಇನ್ನು ಗಂಗಾವತಿಯನ್ನು ನೋಡಿದರೆ ಮಿಷನರಿಗಿಂತ ನೀರಿನ ಪಾತ್ರವೇ ದೊಡ್ಡದು. ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಎದ್ದು 1953ರಲ್ಲಿ ನೀರು ಹರಿದ ಮೇಲೆ ಎಡದಂಡೆ ಕಾಲುವೆಯ ಬಯಲಿಗೆ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಹಾಗೆ ಬಂದವರಲ್ಲಿ ಕ್ರೈಸ್ತರೂ ಇದ್ದರು. ಕನ್ನಡದ ಪಕ್ಕದಲ್ಲಿ ತೆಲುಗಿನ ಪ್ರಾರ್ಥನೆಯೂ ಕೇಳತೊಡಗಿತು. ಈ ನಾಡಿನ ಹಳೆಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ಸುಗ್ಗಿ ಹಬ್ಬವೆಂಬ ಪದ್ಧತಿಯಿದೆ. ಹೊಲದ ಮೊದಲ ಫಲವನ್ನು ದೇವರ ಮುಂದೆ ತಂದಿಡುತ್ತಾರೆ: ಜೋಳದ ತೆನೆ, ಭತ್ತದ ಹೊರೆ, ಕುಂಬಳಕಾಯಿ, ಕೋಳಿ. ಆರಾಧನೆ ಮುಗಿದ ಮೇಲೆ ಅವೇ ವಸ್ತುಗಳನ್ನು ಅಂಗಳದಲ್ಲಿ ಸವಾಲು ಕೂಗುತ್ತಾರೆ. ಹತ್ತು ರೂಪಾಯಿಯ ಕಾಯಿಗೆ ನೂರು ಕೂಗಿ ಕೊಂಡವರು ಸಭೆಯ ಖರ್ಚಿಗೆ ಹೆಗಲು ಕೊಡುತ್ತಾರೆ. ಮಳೆಯನ್ನೇ ನೆಚ್ಚಿದ ಒಕ್ಕಲು ನಾಡಿನ ಕೃತಜ್ಞತೆ ಅದು. ಅದನ್ನು ಪರದೇಶದ್ದೆನ್ನಲು ನಾಲಿಗೆ ಏಳುವುದಿಲ್ಲ.

ಸಣ್ಣ ಸಭೆಗೆ ದಾಖಲೆಗಳೆಲ್ಲಿವೆ ಎಂದು ಕೇಳುವವರೂ ಇದ್ದಾರೆ. ದಾಖಲೆಗಳು ಹಲವು ಕಡೆ ಸಭೆಯ ಕಪಾಟಿನಲ್ಲೇ ಇರುತ್ತವೆ. ದೀಕ್ಷಾಸ್ನಾನದ ಪುಸ್ತಕದ ಒಂದು ಸಾಲಿನಲ್ಲಿ ಮಗುವಿನ ಹೆಸರು, ತಂದೆ ತಾಯಿ, ಊರು, ಕಸುಬು ಇರುತ್ತವೆ. ಅಂಥ ಐವತ್ತು ಸಾಲುಗಳನ್ನು ಓದಿದರೆ ಯಾವ ಹಳ್ಳಿಯಿಂದ ಯಾವ ವರ್ಷ ಜನ ಬಂದರು, ಕೂಲಿಯ ಮಗ ಎಂದು ಮಾಸ್ತರನಾದ, ಹಳೆಯ ಹೆಸರುಗಳ ನಡುವೆ ಹೊಸ ಹೆಸರು ಎಂದು ಬಂತು ಎಂಬುದೆಲ್ಲ ಬಿಚ್ಚಿಕೊಳ್ಳುತ್ತದೆ. ಸಮಾಧಿಯ ಕಲ್ಲುಗಳು, ಸವಾಲಿನ ಲೆಕ್ಕದ ವಹಿಗಳು, ಹಿರಿಯರ ನೆನಪುಗಳೂ ಇದೇ ಬಗೆಯ ಸಾಕ್ಷಿಗಳು. ಗೆದ್ದಲು ಹಿಡಿಯುವ ಮೊದಲು ಅವನ್ನು ನಕಲು ಮಾಡಿಡುವುದು ಸಭೆಗಳ ಹೊಣೆ. ಅವನ್ನು ಜಿಲ್ಲೆಯ ಚರಿತ್ರೆಯ ಆಕರಗಳೆಂದು ಒಪ್ಪುವುದು ನಮ್ಮ ಇತಿಹಾಸಕಾರರ ಹೊಣೆ. ಅಡಿಗಲ್ಲಿನ ಮೇಲೆ ಅದನ್ನು ಇಟ್ಟವರ ಹೆಸರು ಮಾತ್ರ ಇರುತ್ತದೆ. ಕಲ್ಲು ಹೊತ್ತು ತಂದವರ ಹೆಸರು ಬೇಕಿದ್ದರೆ ಆ ಪುಸ್ತಕವನ್ನೇ ತೆರೆಯಬೇಕು.