ಕೀಟಮಾರಿಯ ಹೂವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎರೆಹೊಲಗಳಲ್ಲಿ ನೆಲಕ್ಕೆ ಹರಡಿಕೊಂಡು ಬೆಳೆಯುವ ಕಹಿಯಾದ ಕಳೆಯೊಂದುಂಟು. ಕಂಡದ್ದನ್ನೆಲ್ಲ ಮೇಯುವ ಆಡು ಸಹ ಬಾಯಿಡದ ಕಾರಣ ಕನ್ನಡಿಗರು ಅದನ್ನು ಆಡುಮುಟ್ಟದ ಗಿಡವೆಂದರು. ಸಂಸ್ಕೃತದಲ್ಲಿ ಅದು ಕೀಟಮಾರಿ. ಹುಳುಬಿದ್ದ ಹುಣ್ಣಿಗೆ ಅದರ ಸೊಪ್ಪಿನ ರಸವನ್ನು ಹಿಂಡುವ ರೂಢಿಗೆ ಒಪ್ಪುವ ಹೆಸರಿದು. ಆದರೆ ಹೂಜಿಯಂತಿರುವ ಅದರ ಹೂವನ್ನು ಕಂಡವರು, ಒಳಹೊಕ್ಕ ನೊಣವನ್ನು ಹೂವೇ ಕೊಲ್ಲುವುದೆಂದು ಅರ್ಥಮಾಡಿದರೆ ಆಶ್ಚರ್ಯವಿಲ್ಲ.

ಕೀಟವನ್ನು ಕೊಂದು ಜೀರ್ಣಿಸಿಕೊಳ್ಳುವ ಹೂಜಿ ಗಿಡವೇ ಬೇರೆ. ನಮ್ಮ ದೇಶದಲ್ಲಿ ಅದರ ಒಂದೇ ಪ್ರಭೇದ ಮೇಘಾಲಯದ ಖಾಸಿ, ಗಾರೋ, ಜಯಂತಿಯಾ ಬೆಟ್ಟಗಳಲ್ಲಿದೆ. ಅದರ ಹೂಜಿಯು ಹೂವಲ್ಲ, ರೂಪಾಂತರ ಹೊಂದಿದ ಎಲೆ. ನಿಜವಾದ ಹೂಗಳು ಚಿಕ್ಕವು, ದಳವಿಲ್ಲದವು. ನೀಳವಾದ ಗೊಂಚಲಿನಲ್ಲಿ ಹೂಜಿಗಳಿಂದ ದೂರವಾಗಿ ಅರಳುವಂಥವು. ಗಂಡುಹೂ ಒಂದು ಗಿಡದಲ್ಲಿ, ಹೆಣ್ಣುಹೂ ಮತ್ತೊಂದರಲ್ಲಿ. ಆಹಾರವೂ ಕೀಟ, ಪರಾಗವಾಹಕವೂ ಕೀಟ. ಎರಡನೆಯದನ್ನು ನುಂಗಿದರೆ ಸಂತತಿಯೇ ಇಲ್ಲ.

ಕೀಟಮಾರಿಯಲ್ಲಿ ಹೂಜಿಯೇ ಹೂವು. ತಳದಲ್ಲಿ ಉಬ್ಬಿದ ಕೋಣೆ, ಅದರ ಮೇಲೆ ಇಕ್ಕಟ್ಟಾದ ಕೊಳವೆ, ತುದಿಯಲ್ಲಿ ಕಡುನೇರಳೆಯ ನಾಲಗೆ. ಕಿರುನೊಣಗಳು ಈ ಕೊಳವೆಯಲ್ಲಿ ಇಳಿಯುತ್ತವೆ. ಒಳಗಿನ ರೋಮಗಳು ಕೆಳಮುಖವಾಗಿರುವುದರಿಂದ ಇಳಿಯುವುದು ಸುಲಭ, ಏರುವುದು ಅಸಾಧ್ಯ. ಆಗ ಪಕ್ವವಾಗಿರುವುದು ಶಲಾಕಾಗ್ರ ಮಾತ್ರ. ನೊಣವು ಬೇರೆ ಹೂವಿನಿಂದ ತಂದ ಪರಾಗ ಅದಕ್ಕೆ ತಗಲುತ್ತದೆ. ಬಳಿಕ ಪರಾಗಕೋಶಗಳು ಬಿರಿದು ಬಂದಿಯ ಮೈಗೆ ಹೊಸ ಪರಾಗವನ್ನು ಸವರುತ್ತವೆ. ಅನಂತರ ರೋಮಗಳು ಬಾಡುತ್ತವೆ, ದಾರಿ ತೆರೆಯುತ್ತದೆ. ಬಿಡುಗಡೆ ಹೊಂದಿದ ನೊಣ ಮಾಡುವುದೇನು? ಮತ್ತೊಂದು ಹೂವಿನ ಸೆರೆಗೆ ಹೋಗುವುದು! ಜರ್ಮನಿಯ ಸ್ಪ್ರೆಂಗೆಲ್ ಈ ಕುಲದ ಯುರೋಪಿನ ಗಿಡವೊಂದರ ಇಂಥ ಹೂವನ್ನು 1793ರ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದಾನೆ.

ಹೂವು ನೊಣಕ್ಕೆ ಅಪಾಯಕಾರಿಯಲ್ಲ. ಗಿಡವು ಮನುಷ್ಯನಿಗೆ ಅಪಾಯಕಾರಿ. ಇದನ್ನು ಹೇಳದೆ ಹೂವಿನ ಚಮತ್ಕಾರವನ್ನಷ್ಟೇ ಹೊಗಳುವುದು ಸಲ್ಲದು. ಕೆಲವು ಗುಲಾಬಿ ಚಿಟ್ಟೆಗಳ ಮರಿಹುಳುಗಳು ಇದರ ಎಲೆಯನ್ನೇ ಉಂಡು, ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟು ಹಕ್ಕಿಗಳಿಂದ ಪಾರಾಗುತ್ತವೆ. ಆ ಅರಿಸ್ಟೊಲೋಕಿಕ್ ಆಮ್ಲವು ಮನುಷ್ಯನ ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸುವ ಗುಳಿಗೆಗಳಲ್ಲಿ ಇದೇ ಕುಲದ ಚೀನೀ ಮೂಲಿಕೆ ಸೇರಿ ಅನೇಕ ಸ್ತ್ರೀಯರ ಮೂತ್ರಪಿಂಡಗಳು ನಾಶವಾದವು. ಕೀಟಮಾರಿಯ ಎಲೆಯೂ ಮೂತ್ರಪಿಂಡದ ಆಕಾರದ್ದೇ ಎಂಬುದು ಕೇವಲ ಕಾಕತಾಳೀಯ. ಹಳ್ಳಿಗಳಲ್ಲಿ ಹೊಟ್ಟೆಹುಳುವಿಗೆಂದು ಮಕ್ಕಳಿಗೆ ಈ ಸೊಪ್ಪಿನ ರಸವನ್ನು ಕುಡಿಸುವ ಪದ್ಧತಿ ಎಲ್ಲಿ ಉಳಿದಿದ್ದರೂ ಅದನ್ನು ಇಂದೇ ನಿಲ್ಲಿಸತಕ್ಕದ್ದು. ಜಂತುನಾಶಕ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ದೊರೆಯುತ್ತವೆ.